ಬಿಟ್ಟುಕೊಟ್ಟದ್ದರ ಲೆಕ್ಕ

ಚಿರಂಜೀವಿ ಪುಟ್ಟಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ನಿನ್ನ ಪತ್ರ ತಲುಪಿತು. ಪೋರ್ಚುಗಲ್ ಬಟ್ಟೆ, ವೈನ್ ಎರಡನ್ನೂ ಇಂಗ್ಲೆಂಡಿಗಿಂತ ಕಡಿಮೆ ಜನರಿಂದ ಮಾಡಿಸಬಲ್ಲುದಾದರೆ ಬಟ್ಟೆಯನ್ನು ಹೊರಗಿನಿಂದ ಏಕೆ ತರಿಸಬೇಕು ಎಂದು ಕೇಳಿದ್ದೀಯೆ. ಉತ್ತರ ಉರು ಹೊಡೆದವರಿಗೆ ಈ ಸಂಶಯ ಬರುವುದಿಲ್ಲ. ನಿನಗೆ ಬಂತಲ್ಲ, ಸಂತೋಷ.

ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ 1817ರಲ್ಲಿ ಕೊಟ್ಟ ಅಂಕಿಗಳನ್ನೇ ಮುಂದಿಟ್ಟುಕೊ. ಇಂಗ್ಲೆಂಡಿನಲ್ಲಿ ಒಂದು ಮೂಟೆ ಬಟ್ಟೆಗೆ ವರ್ಷಕ್ಕೆ 100 ಜನ ಬೇಕು, ಒಂದು ಪೀಪಾಯಿ ವೈನಿಗೆ 120. ಪೋರ್ಚುಗಲ್ಲಿನಲ್ಲಿ ಬಟ್ಟೆಗೆ 90, ವೈನಿಗೆ 80. ನೀನು 100ನ್ನು 90ರ ಪಕ್ಕದಲ್ಲಿಟ್ಟು ನೋಡಿದ್ದೀಯೆ. ತೊಡಕು ಅಲ್ಲೇ ಇದೆ. ದೇಶದಿಂದ ದೇಶಕ್ಕೆ ಹಾರಬೇಡ, ಒಂದೇ ದೇಶದೊಳಗೆ ಭಾಗಿಸು. ಪೋರ್ಚುಗಲ್ ಒಂದು ಮೂಟೆ ಬಟ್ಟೆಗೆ 90 ಜನರನ್ನು ಹಚ್ಚಿದರೆ, ಅದೇ ಜನ ಮಾಡಬಹುದಾಗಿದ್ದ 90/80, ಅಂದರೆ 1.125 ಪೀಪಾಯಿ ವೈನ್ ಕೈತಪ್ಪುತ್ತದೆ. ಇಂಗ್ಲೆಂಡಿಗೆ ಒಂದು ಮೂಟೆಯಿಂದ ಕೈತಪ್ಪುವುದು 100/120, ಸುಮಾರು 0.83 ಪೀಪಾಯಿ. (ಮೂಟೆ, ಪೀಪಾಯಿ ನಾನು ಇಟ್ಟುಕೊಂಡ ಅಳತೆಗಳು, ರಿಕಾರ್ಡೊನವಲ್ಲ.) ಅವಕಾಶ ವೆಚ್ಚ ಎಂದರೆ ಇಷ್ಟೇ: ಒಂದನ್ನು ಪಡೆಯಲು ಬಿಟ್ಟುಕೊಡಬೇಕಾದ ಇನ್ನೊಂದು. ಬಟ್ಟೆ ನೇಯಲು ಇಂಗ್ಲೆಂಡ್ ಬಿಟ್ಟುಕೊಡುವ ವೈನ್ ಕಡಿಮೆ. ಆದ್ದರಿಂದ ಬಟ್ಟೆ ಅದರ ಪಾಲಿಗೆ, ವೈನ್ ಪೋರ್ಚುಗಲ್ಲಿನ ಪಾಲಿಗೆ ಬರುತ್ತದೆ.

ಮೂಟೆಯೊಂದಕ್ಕೆ ಬದಲಾಗಿ ಎಷ್ಟು ಪೀಪಾಯಿ ಕೊಡಬೇಕು ಎಂಬ ದರವೇ ವ್ಯಾಪಾರ ನಿಬಂಧನೆ. 0.83ಕ್ಕಿಂತ ಕಡಿಮೆ ಕೊಟ್ಟರೆ ಇಂಗ್ಲೆಂಡ್ ತಾನೇ ವೈನ್ ಮಾಡಿಕೊಳ್ಳುತ್ತದೆ, 1.125ಕ್ಕಿಂತ ಹೆಚ್ಚು ಕೇಳಿದರೆ ಪೋರ್ಚುಗಲ್ ತಾನೇ ನೇಯುತ್ತದೆ. ರಿಕಾರ್ಡೊ ಒಂದಕ್ಕೊಂದು ಎಂದು ಹಿಡಿದ. ಆಗ ಇಂಗ್ಲೆಂಡಿಗೆ 20 ಜನರ ದುಡಿಮೆ ಉಳಿಯಿತು, ಪೋರ್ಚುಗಲ್ಲಿಗೆ 10 ಜನರದು. ದರ 1.1ಕ್ಕೆ ಏರಲಿ. ಪೋರ್ಚುಗಲ್ 88 ಜನರ ವೈನ್ ಕೊಟ್ಟು 90 ಜನರ ಬಟ್ಟೆ ಪಡೆಯುತ್ತದೆ. ಉಳಿತಾಯ ಬರಿಯ 2. ಇಂಗ್ಲೆಂಡಿಗೆ 32! ಇಬ್ಬರಿಗೂ ಲಾಭ ಎಂಬ ಮಾತು ಆಗಲೂ ಸುಳ್ಳಲ್ಲ. ಆದರೆ ಅಷ್ಟು ಹೇಳಿ ಪುಸ್ತಕ ಮುಚ್ಚುವ ಪಂಡಿತರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಯಾರಿಗೆ ಎಷ್ಟು ಎಂದು ಕೇಳದೆ ಬಿಡಬೇಡ.

ದರ ಎಲ್ಲಿ ನಿಲ್ಲುತ್ತದೆ ಎಂಬುದಕ್ಕೆ ರಿಕಾರ್ಡೊನ ನಂತರದ ಅರ್ಥಶಾಸ್ತ್ರಜ್ಞ ಜಾನ್ ಸ್ಟುವರ್ಟ್ ಮಿಲ್ ಉತ್ತರ ಕೊಟ್ಟ: ಯಾರ ಸರಕು ಯಾರಿಗೆ ಎಷ್ಟು ಬೇಕಾಗಿದೆ ಎಂಬ ಪರಸ್ಪರ ಬೇಡಿಕೆಯ ಮೇಲೆ. ರಾಜಕಾರಣವನ್ನೂ ಅದಕ್ಕೆ ಸೇರಿಸಿಕೊ. 1703ರ ಮೆಥುಯೆನ್ ಒಪ್ಪಂದದಲ್ಲಿ ಪೋರ್ಚುಗಲ್ ಇಂಗ್ಲಿಷ್ ಉಣ್ಣೆಬಟ್ಟೆಯನ್ನು ಒಳಗೆ ಬಿಟ್ಟುಕೊಂಡಿತು. ಪ್ರತಿಯಾಗಿ ಅದರ ವೈನಿಗೆ ಫ್ರಾನ್ಸಿನ ವೈನಿಗಿಂತ ಮೂರನೇ ಒಂದು ಭಾಗ ಕಡಿಮೆ ಸುಂಕ. ಆ ನಾಲ್ಕು ಅಂಕಿಗಳಲ್ಲಿ ಇದಾವುದೂ ಕಾಣುವುದಿಲ್ಲ.

ಇನ್ನು ನಿನ್ನ ಎಂ.ಎ. ವಿಚಾರ. ಶುಲ್ಕ, ಪುಸ್ತಕ, ಹಾಸ್ಟೆಲ್ ಊಟ ಎಂದು ಪಟ್ಟಿ ಬರೆದಿದ್ದೀಯೆ. ಊಟವನ್ನು ಹೊಡೆದುಹಾಕು, ಕೆಲಸಕ್ಕೆ ಸೇರಿದರೂ ಉಣ್ಣಲೇಬೇಕಲ್ಲ. ಹಾಸ್ಟೆಲಿನಲ್ಲಿ ಹೆಚ್ಚಿಗೆ ಬೀಳುವಷ್ಟನ್ನು ಮಾತ್ರ ಬರೆ. ಓದಲು ಹೋದರೆ ಕೈತಪ್ಪುವ, ಸಿಕ್ಕಿರುವ ಕೆಲಸದ ಎರಡು ವರ್ಷದ ಸಂಬಳವನ್ನು ನೀನು ಬರೆದೇ ಇಲ್ಲ. ಪಟ್ಟಿಯಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು. ತಿದ್ದಿ ನನಗೊಂದು ಪ್ರತಿ ಕಳುಹಿಸು. ಮೊತ್ತ ನೋಡಿದ ಮೇಲೂ ಓದಬೇಕೆನಿಸಿದರೆ ಓದು. ನಿನ್ನ ಅಮ್ಮನ ಹತ್ತಿರ ನಾನು ಮಾತನಾಡುತ್ತೇನೆ.

ಇಂತು,
ನಿನ್ನ ಮಾವ