ಬೋಟ್ ಬೇಕಾ ಬೇಡ್ವಾ ಅಂತಲ್ಲ, ದಡದಿಂದ ಎಷ್ಟು ದೂರ ಅಂತ ಕೇಳಿ

ಸಂಪಾದಕರಿಗೆ ನಮಸ್ಕಾರ,

ನಮ್ಮ ಮನೆ ಸರೋವರದ ದಡದಲ್ಲೇ ಇದೆ, ನಮ್ಮ ಹತ್ರಾನೂ ಒಂದು ಸಣ್ಣ ಮೋಟಾರ್ ಬೋಟ್ ಇದೆ, ಅದಕ್ಕೆ ಎರಡೂ ಕಡೆಯವರ ಸಂಕಟ ನಂಗೆ ಗೊತ್ತು. ಇಲ್ಲಿ ಸಭೆ ಸೇರಿದಾಗೆಲ್ಲ ಒಂದು ಗುಂಪು ಬೋಟಿನ ಅಲೆಗೆ ದಡ ಕೊಚ್ಚಿ ಹೋಗ್ತಿದೆ, ಬೋಟ್ ಪೂರ್ತಿ ಬಂದ್ ಮಾಡಿ ಅನ್ನುತ್ತೆ, ಇನ್ನೊಂದು ಗುಂಪು ನೀರು ಎಲ್ರದ್ದೂ ನೀವ್ಯಾರು ಕೇಳೋಕೆ ಅನ್ನುತ್ತೆ, ಜೋರು ಮಾತಾಗಿ ಎಲ್ಲರೂ ಎದ್ದು ಹೋಗ್ತಾರೆ. ಅಷ್ಟರಲ್ಲಿ ನಮ್ಮ ಕಡೆ ಮಣ್ಣೊಳಗಿದ್ದ ಮರದ ಬೇರು ಈಗ ಹೊರಗೆ ಜೋತಾಡ್ತಿದೆ.

ಎಷ್ಟು ಬೋಟ್ ಓಡುತ್ತೆ ಅನ್ನೋದಕ್ಕಿಂತ ಎಂಥ ಅಲೆ ದಡಕ್ಕೆ ಬಡಿಯುತ್ತೆ ಅನ್ನೋದು ಮುಖ್ಯ. ಅಲೆ ಎತ್ತರ ಎರಡು ಪಟ್ಟಾದ್ರೆ ಅದರ ಶಕ್ತಿ ನಾಲ್ಕು ಪಟ್ಟಾಗುತ್ತೆ. ಇನ್ನೊಂದು ವಿಷ್ಯ ತುಂಬ ಜನಕ್ಕೆ ಗೊತ್ತಿಲ್ಲ, ನಂಗೂ ತಡವಾಗೇ ಗೊತ್ತಾಗಿದ್ದು, ದಡ ಹತ್ರ ಬಂತು ಅಂತ ಸ್ಪೀಡ್ ಸ್ವಲ್ಪ ಇಳಿಸ್ತೀವಲ್ಲ, ಆಗ ಬೋಟಿನ ಮೂತಿ ಮೇಲೆದ್ದು ಹಿಂಭಾಗ ನೀರಲ್ಲಿ ಕೂತ್ಕೊಳ್ಳುತ್ತೆ, ದೊಡ್ಡ ಅಲೆ ಏಳೋದೇ ಆವಾಗ. ಇಳಿಸಿದ್ರೆ ಹಿಂದೆ ಅಲೆನೇ ಏಳದಷ್ಟು ಇಳಿಸ್ಬೇಕು, ಅರ್ಧಂಬರ್ಧ ಇಳಿಸಿದ್ರೆ ದಡಕ್ಕೆ ಹೊಡೆತ ಜಾಸ್ತಿನೇ.

ವೇಕ್‌ಸರ್ಫ್ ಅಂದ್ರೆ ಬೋಟ್ ಹಿಂದೆ ಏಳೋ ಅಲೆ ಮೇಲೆ ಹಲಗೆ ಹಾಕ್ಕೊಂಡು ಜಾರೋ ಆಟ, ಅದಕ್ಕಂತ ಈಗ ಬಂದಿರೋ ಬೋಟ್‌ಗಳಂತೂ ಬ್ಯಾಲಾಸ್ಟ್ ಟ್ಯಾಂಕಿಗೆ ನೀರು ತುಂಬಿಸಿ ಭಾರ ಮಾಡ್ಕೊಂಡು ಬೇಕಂತಲೇ ದೊಡ್ಡ ಅಲೆ ಎಬ್ಬಿಸ್ತವೆ, ಆಟನೇ ಅದು. ಅಮೆರಿಕದ ಮಿನೆಸೋಟ ಯೂನಿವರ್ಸಿಟಿಯವರು ಇದನ್ನ ಅಳತೆ ಮಾಡಿ 2022ರಲ್ಲಿ ವರದಿ ಕೊಟ್ರು. ಸಾಮಾನ್ಯ ಬೋಟ್ 200 ಅಡಿ ದೂರದಲ್ಲಿ ಹೋದ್ರೆ ಎಷ್ಟು ಅಲೆ ಬರುತ್ತೋ ಆ ಮಟ್ಟಕ್ಕೆ ಈ ಬೋಟಿನ ಅಲೆ ಇಳಿಯೋಕೆ 500 ಅಡಿಗಿಂತ ಜಾಸ್ತಿ ದೂರ ಬೇಕಂತೆ. ಅಲ್ಲಿನದೇ ವರ್ಮಾಂಟ್ ರಾಜ್ಯದಲ್ಲಿ 2024ರಿಂದ ರೂಲೇ ಆಗಿದೆ, ಈ ಆಟ ದಡದಿಂದ ಕನಿಷ್ಠ 500 ಅಡಿ ಆಚೆ, 20 ಅಡಿ ಆಳ ಇರೋ ಕಡೆ, ಅಂಥ ಜಾಗ ಒಟ್ಟಿಗೆ 50 ಎಕರೆ ಸಿಕ್ಕಿದ್ರೆ ಮಾತ್ರ. ಬಂದ್ ಮಾಡ್ಲಿಲ್ಲ ನೋಡಿ, ಜಾಗ ಗೊತ್ತು ಮಾಡಿದ್ರು.

ಆಳ ಯಾಕೆ ಅಂದ್ರೆ ಪ್ರೊಪೆಲ್ಲರ್ ತಳ್ಳೋ ನೀರು ಕೆಳಗೂ ಹೋಗುತ್ತೆ, ಆಳ ಕಮ್ಮಿ ಇದ್ರೆ ತಳದ ಹೂಳು ಕದಡಿ ಅದರಲ್ಲಿ ಕೂತಿದ್ದ ರಂಜಕ ಮೇಲೆ ಬರುತ್ತೆ, ಪಾಚಿಗೆ ಅದೇ ಗೊಬ್ಬರ. ಜೊಂಡಿನ ಮಧ್ಯೆ ತೇಲೋ ಗೂಡು ಕಟ್ಟೋ ಗುಳುಮುಳುಕದ ಮೊಟ್ಟೆ ಒಂದು ದೊಡ್ಡ ಅಲೆಗೆ ನೀರುಪಾಲಾಗುತ್ತೆ. ಬ್ಯಾಲಾಸ್ಟ್ ಟ್ಯಾಂಕಲ್ಲಿ ಉಳಿದ ನೀರಿನ ಜೊತೆ ಒಂದು ಕಡೆಯ ಕಳೆ, ಚಿಪ್ಪಿನ ಮರಿ ಇನ್ನೊಂದು ಸರೋವರಕ್ಕೂ ಹೋಗುತ್ತೆ, ಆಮೇಲೆ ಅದನ್ನ ತೆಗೆಯೋದು ಯಾರ ಕೈಲೂ ಆಗಲ್ಲ.

ಹಾಗಂತ ತಪ್ಪೆಲ್ಲ ಬೋಟಿನವರ ಮೇಲೆ ಹಾಕೋಕೆ ನಂಗೆ ಮನಸ್ಸು ಬರಲ್ಲ. ನೀರು ಚೆನ್ನಾಗಿ ಕಾಣ್ಲಿ ಅಂತ ಜೊಂಡು ಕಿತ್ತಿದ್ದು ದಡದಲ್ಲಿರೋ ನಾವೇ, ನಮ್ಮನೇಲೂ ಕಿತ್ತಿದ್ವಿ. ಅಲೆ ಬಂದಾಗ ಮೊದಲು ತಡೀತಿದ್ದಿದ್ದೇ ಆ ಜೊಂಡು, ಮಣ್ಣನ್ನ ಹಿಡಿದಿದ್ದು ಅದರ ಬೇರು, ಅಲ್ಲಿ ಲಾನ್ ಹಾಕಿದ್ರೆ ಅದರ ಬೇರು ಆಳಕ್ಕೆ ಇಳಿಯೋದೇ ಇಲ್ಲ. ಮಣ್ಣು ಜಾರೋಕೆ ಶುರುವಾದ ಮೇಲೆ ಕೆಲವರು ಕಾಂಕ್ರೀಟ್ ಗೋಡೆ ಕಟ್ಟಿದ್ರು, ಅಲೆ ಅದಕ್ಕೆ ಬಡಿದು ವಾಪಸ್ ಹೋಗ್ತಾ ಗೋಡೆ ಬುಡಾನೂ ಕೊರೆಯುತ್ತೆ, ಪಕ್ಕದವರ ದಡಾನೂ ತಿನ್ನುತ್ತೆ.

ಅದಕ್ಕೆ ನನ್ನ ವಿನಂತಿ ಇಷ್ಟೇ, ಮುಂದಿನ ಸಭೆಗೆ ಯಾರಾದ್ರೂ ಸರೋವರದ ಆಳದ ನಕ್ಷೆ ತನ್ನಿ, ಎಲ್ಲರೂ ಕೂತು ಅದರ ಮೇಲೆ ಗೆರೆ ಎಳೆಯೋಣ, ಗೆರೆಯಿಂದ ದಡದ ಕಡೆ ಅಲೆ ಏಳದ ಹಾಗೆ ಬೋಟ್ ಓಡಿಸೋದು, ಜೋರು ಆಟ ಏನಿದ್ರೂ ಆಳದಲ್ಲಿ, ಗೆರೆ ಕಾಣೋ ಹಾಗೆ ನೀರಲ್ಲಿ ತೇಲುಬುರುಡೆ ಹಾಕೋದು. ದಡದವರು ಹತ್ತಿಪ್ಪತ್ತು ಅಡಿ ಜಾಗಾನಾದ್ರೂ ಜೊಂಡಿಗೆ ಬಿಟ್ಕೊಡ್ಲಿ. ನಾವು ಬಿಟ್ಟಿದೀವಿ, ಹೊಸ ಚಿಗುರು ಬರ್ತಿದೆ.

ಇಂತಿ,
ದಡದ ಮನೆಯ ಓದುಗ