ಡಿಜಿಟಲ್ ಸಹಿಗೂ ಮೊಹರು ಕೇಳುವವರ ಕುರಿತು ಉತ್ತರ ಕನ್ನಡ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಡಿಜಿಟಲ್ ಸಹಿಯಿರುವ ದಾಖಲೆಗೆ ಮತ್ತೆ ಶಾಯಿಯ ಸಹಿ, ಮೊಹರು ಕೇಳಬಾರದೆಂದು ಜಿಲ್ಲೆಯ ಕಚೇರಿಗಳಿಗೂ ಬ್ಯಾಂಕ್ ಶಾಖೆಗಳಿಗೂ ತಾವು ಲಿಖಿತ ಸೂಚನೆ ಕೊಡಬೇಕೆಂದು ಕೋರುತ್ತೇನೆ. ಕೈಸಹಿಗಿರುವ ಕಾನೂನು ಮಾನ್ಯತೆಯೇ ಡಿಜಿಟಲ್ ಸಹಿಗೂ ಇದೆಯೆಂದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 5ನೇ ಕಲಮು ಹೇಳುತ್ತದೆಂಬುದು ತಮಗೆ ತಿಳಿಯದ್ದೇನಲ್ಲ.

ನಾನು ಶಿರಸಿ ಕಡೆಯ ಅಡಿಕೆ ಬೆಳೆಗಾರ. ಮಗಳ ಶಿಕ್ಷಣ ಸಾಲಕ್ಕಾಗಿ ಆನ್‌ಲೈನಿನಲ್ಲಿ ಪಡೆದ ಆದಾಯ ಪ್ರಮಾಣಪತ್ರದ ಪಿಡಿಎಫ್ ತೆರೆದಾಗ ಬ್ಯಾಂಕಿನ ಕಂಪ್ಯೂಟರಿನಲ್ಲಿ ಸಹಿಯ ಮೇಲೆ ಹಳದಿ ಪ್ರಶ್ನಾರ್ಥಕ ಚಿಹ್ನೆ ಕಂಡಿತು. ಇದು ನಕಲಿಯಿರಬಹುದು, ಸಹಿ ಮಾಡಿಸಿ ತನ್ನಿ ಎಂದರು ವ್ಯವಸ್ಥಾಪಕರು. ಡಿಜಿಟಲ್ ಸಹಿ ಬಿದ್ದ ಮೇಲೆ ಕೈಸಹಿ ಹಾಕುವಂತಿಲ್ಲ ಎಂದಿತು ಪ್ರಮಾಣಪತ್ರ ಕೊಟ್ಟ ಕಚೇರಿ. ಕೊಯ್ಲಿನ ದಿನಗಳಲ್ಲಿ ತೋಟವನ್ನು ಆಳುಗಳ ಮೇಲೆ ಬಿಟ್ಟು ಈ ಎರಡು ಮೇಜುಗಳ ನಡುವೆ ತಿರುಗಿದೆ; ಅಷ್ಟರಲ್ಲಿ ಕಾಲೇಜಿನ ಶುಲ್ಕದ ಗಡುವೂ ಮೀರಿ, ದಂಡ ಕಟ್ಟಬೇಕಾಯಿತು. ಕೊನೆಗೆ ಯಾರೋ ಬೇಸತ್ತು ಮುದ್ರಿತ ಪ್ರತಿಯ ಮೇಲೆ ಹೆಸರೂ ದಿನಾಂಕವೂ ಇಲ್ಲದ ಒಂದು ದುಂಡು ಮೊಹರು ಒತ್ತಿದರು. ಬ್ಯಾಂಕು ಅದನ್ನು ಮರುಮಾತಿಲ್ಲದೆ ಸ್ವೀಕರಿಸಿತು! ಪೇಟೆಯಲ್ಲಿ ಯಾರು ಬೇಕಾದರೂ ಮಾಡಿಸಿಕೊಳ್ಳಬಹುದಾದ ಮೊಹರಿಗಿರುವ ಮರ್ಯಾದೆ ಡಿಜಿಟಲ್ ಸಹಿ ಯಾರದೆಂದು ದೃಢೀಕರಿಸಲು ಭಾರತ ಸರ್ಕಾರದ ಪರವಾನಗಿ ಪಡೆದ ಪ್ರಮಾಣೀಕರಣ ಸಂಸ್ಥೆಗಿಲ್ಲ. ಮುದ್ರಿಸಿದ ಕಾಗದದಲ್ಲಿ ಉಳಿಯುವುದು ಡಿಜಿಟಲ್ ಸಹಿಯ ಚಿತ್ರ ಮಾತ್ರವೆಂಬುದನ್ನು ಬ್ಯಾಂಕಿನವರಿಗೆ ಯಾರು ಹೇಳಬೇಕು?

ಆ ಹಳದಿ ಚಿಹ್ನೆಯ ಅರ್ಥ ನಕಲಿ ಎಂದಲ್ಲ. ಸಹಿದಾರರಿಗೆ ಡಿಜಿಟಲ್ ಪ್ರಮಾಣಪತ್ರ ಕೊಟ್ಟ ಸಂಸ್ಥೆಯ ಮೂಲ ಆ ಕಂಪ್ಯೂಟರಿನ ನಂಬಿಕೆಯ ಪಟ್ಟಿಯಲ್ಲಿಲ್ಲ ಎಂದಷ್ಟೇ ಸಾಮಾನ್ಯವಾಗಿ. ಸಹಿಯಾದ ಮೇಲೆ ದಾಖಲೆಯನ್ನು ತಿದ್ದಿದ್ದರೆ ಕೆಂಪು ಗುರುತು ಬರುತ್ತದೆ. ಸಹಿಯ ಮೇಲೆ ಕ್ಲಿಕ್ ಮಾಡಿ ಆ ಡಿಜಿಟಲ್ ಪ್ರಮಾಣಪತ್ರ ತೆರೆದರೆ ಸಹಿದಾರರ ಹೆಸರು, ಅವರಿಗೆ ಪ್ರಮಾಣಪತ್ರ ನೀಡಿದ ಸಂಸ್ಥೆ, ಎಲ್ಲಕ್ಕಿಂತ ಮೇಲೆ 'ಸಿಸಿಎ ಇಂಡಿಯಾ' (ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರು) ಎಂಬ ಮೂಲ ಮತ್ತು ಅದರ ವರ್ಷ ಕಾಣಿಸುತ್ತವೆ. ಪ್ರಮಾಣಪತ್ರ ನೀಡಿದ ಸಂಸ್ಥೆಗೆ ಪರವಾನಗಿ ಇದೆಯೇ ಎಂಬುದನ್ನು ಈ ನಿಯಂತ್ರಕರ ಜಾಲತಾಣದಲ್ಲಿ ನೋಡಬಹುದು. ಹೆಸರನ್ನು ಕಣ್ಣಾರೆ ಓದಿ ನೋಡುವುದೂ ಅಗತ್ಯವೇ. ಏಕೆಂದರೆ 2014ರಲ್ಲಿ ಕೇಂದ್ರ ಸರ್ಕಾರದ್ದೇ ಕಂಪ್ಯೂಟರ್ ಸೇವಾ ಸಂಸ್ಥೆಯಾದ ಎನ್‌ಐಸಿಯ ಪ್ರಮಾಣೀಕರಣ ವ್ಯವಸ್ಥೆಯಿಂದಲೇ ಗೂಗಲ್ ಜಾಲತಾಣಗಳ ಹೆಸರಿನಲ್ಲಿ ಅನಧಿಕೃತ ಪ್ರಮಾಣಪತ್ರಗಳು ಹೊರಬಿದ್ದಿದ್ದವು. ಸಂಶಯಪಡಲಿ, ಬೇಡವೆನ್ನುವುದಿಲ್ಲ. ಆದರೆ ಪರೀಕ್ಷಿಸಿ ಸಂಶಯಪಡಲಿ.

ಆದ್ದರಿಂದ ಮತ್ತೊಮ್ಮೆ ಕೋರುತ್ತೇನೆ: ತಮ್ಮ ಅಧ್ಯಕ್ಷತೆಯ ಬ್ಯಾಂಕರುಗಳ ಜಿಲ್ಲಾ ಸಮಿತಿಯ ಮುಂದಿನ ಸಭೆಯಲ್ಲೇ ಈ ಸೂಚನೆ ಹೊರಡಲಿ, ಸಹಿಯ ಮೂಲ ನೋಡುವ ವಿಧಾನವನ್ನು ಪ್ರತಿ ಶಾಖೆಯ ಸಿಬ್ಬಂದಿಗೆ ಕಲಿಸಲಿ. ಆ ಸೂಚನೆಗೆ ಮಾತ್ರ ದಯವಿಟ್ಟು ಡಿಜಿಟಲ್ ಸಹಿ ಹಾಕಬೇಡಿ. ದೊಡ್ಡದೊಂದು ಮೊಹರನ್ನೇ ಒತ್ತಿಸಿ, ಇಲ್ಲವಾದರೆ ನಮ್ಮ ಶಾಖೆಯವರು ಅದನ್ನೂ ನಂಬಲಾರರು.

ಇಂತಿ ತಮ್ಮ ವಿಶ್ವಾಸಿ,
ಶಿರಸಿ ತಾಲೂಕಿನ ಒಬ್ಬ ಅಡಿಕೆ ಬೆಳೆಗಾರ