ರಿಪೇರಿಗೆ ಕೊಟ್ಟ ಕಂಪ್ಯೂಟರ್‌ನ ಬ್ರೌಸರನ್ನೇ ತೆಗೆದುಹಾಕಿದ ಬಗ್ಗೆ ದೂರು

ಇವರಿಗೆ,
ಮ್ಯಾನೇಜರ್, ಕಂಪ್ಯೂಟರ್ ಸರ್ವಿಸ್ ವಿಭಾಗ

ಮಾನ್ಯರೇ,

ಫೋನಿನಲ್ಲಿ ಸಮಾಧಾನವಾಗಿಯೇ ಹೇಳಿ ನೋಡಿದೆ. 'ಚೆಕ್ ಮಾಡಿ ಕಾಲ್ ಮಾಡ್ತೀವಿ ಮೇಡಂ' ಅಂದವರು ಮಾಡಲೇ ಇಲ್ಲ. ಅದಕ್ಕೇ ಬರೆದು ಕೊಡುತ್ತಿದ್ದೇನೆ.

ನನ್ನ ಜೆರಾಕ್ಸ್ ಅಂಗಡಿಯ ಕಂಪ್ಯೂಟರ್‌ನಲ್ಲಿ ಇರುವುದು ವಿಂಡೋಸ್ 7. ಅದಕ್ಕಿಂತ ಹೊಸ ವಿಂಡೋಸ್‌ನಲ್ಲಿ ನನ್ನ ಸ್ಕ್ಯಾನರ್ ನಡೆಸುವ ಡ್ರೈವರ್ ಸಾಫ್ಟ್‌ವೇರ್ ಇಲ್ಲ. ಕ್ರೋಮ್‌ನಲ್ಲಿ ಸೈಟ್‌ಗಳು ತೆರೆಯುತ್ತಿರಲಿಲ್ಲ, ಸರಿಮಾಡಿ ಎಂದು ನಿಮ್ಮಲ್ಲಿ ಕೊಟ್ಟೆ.

ಕೌಂಟರ್‌ನಲ್ಲಿದ್ದ ಹುಡುಗ ಕಂಪ್ಯೂಟರ್ ಆನ್ ಮಾಡಿದ. ತೆರೆಯ ಮೇಲೆ ಗಡಿಯಾರ ಹಿಂದಿದೆ ಎಂಬ ಎಚ್ಚರಿಕೆ ಬಂತು. ಕೆಳಗಿನ ಮೂಲೆಯಲ್ಲಿ ಇಸವಿ 2009 ಎಂದಿತ್ತು. ನಾನು ಬೆರಳಿಟ್ಟು ತೋರಿಸಿದೆ. 'ಡೇಟ್‌ಗೂ ಬ್ರೌಸರ್‌ಗೂ ಏನ್ ಸಂಬಂಧ ಆಂಟಿ?' ಅಂದ. ಪಕ್ಕದವನು ನಕ್ಕ. ಹಿಂದೆ ನಿಂತಿದ್ದ ಗ್ರಾಹಕರೂ ನಕ್ಕರು. ನಾನು ಮತ್ತೆ ಹೇಳಲು ಹೋದೆ. 'ಇದನ್ನ ಗುಜರಿಗೆ ಹಾಕಿ, ಹೊಸದು ತಗೊಳ್ಳಿ' ಎಂದು ಹೊಸ ಕಂಪ್ಯೂಟರ್‌ಗಳ ರೇಟ್ ಪಟ್ಟಿಯನ್ನು ನನ್ನ ಕೈಗೆ ತುರುಕಿದ. ನೀವು ಒಳಗೇ ಕೂತಿದ್ದಿರಿ. ಮೊಬೈಲ್‌ನಿಂದ ತಲೆ ಎತ್ತಲಿಲ್ಲ.

ಸಂಬಂಧ ಇದೆ, ಸ್ವಾಮಿ. ಸೈಟ್ ಅಸಲಿ ಎಂದು ಬ್ರೌಸರ್‌ಗೆ ತೋರಿಸುವ ಪ್ರತಿ ಸರ್ಟಿಫಿಕೇಟ್‌ಗೂ ಶುರುವಾಗುವ ಮತ್ತು ಮುಗಿಯುವ ದಿನ ಇರುತ್ತದೆ. ಕಂಪ್ಯೂಟರ್‌ನ ತಾರೀಖು ತಪ್ಪಿದ್ದರೆ ಬ್ರೌಸರ್ ಅದನ್ನು ಒಪ್ಪುವುದಿಲ್ಲ. ಕಂಪ್ಯೂಟರ್ ಆಫ್ ಇದ್ದಾಗಲೂ ಗಡಿಯಾರ ನಡೆಸುವ, ಮದರ್‌ಬೋರ್ಡ್ ಮೇಲಿನ ಸಿ.ಆರ್. 2032 ಸೆಲ್ ಸತ್ತಿತ್ತು, ಅಷ್ಟೇ. ಆಮೇಲೆ ನನ್ನ ತಂಗಿಯ ಮಗ ವಾಚ್ ಅಂಗಡಿಯಿಂದ ಹೊಸ ಸೆಲ್ ತಂದು ಹಾಕಿ ತಾರೀಖು ಸರಿಮಾಡಿದ. ಅದು ಮತ್ತೆ ತಪ್ಪಲಿಲ್ಲ.

ಆದರೆ ಅಷ್ಟರಲ್ಲಿ ನಿಮ್ಮವರು ಕ್ರೋಮ್ ಅಳಿಸಿದ್ದರು. ಅದರ ಜೊತೆ ನಾನು ಸೇವ್ ಮಾಡಿದ್ದ ಪಾಸ್‌ವರ್ಡ್‌ಗಳೂ ಹೋದವು. ವಿಂಡೋಸ್ 7ಕ್ಕೆ ಕ್ರೋಮ್‌ನ 109ನೇ ಆವೃತ್ತಿಯೇ ಕೊನೆಯದು. 2023ರ ಫೆಬ್ರವರಿಯಲ್ಲಿ ಬಂದ 110ರಿಂದ ಮುಂದಿನದು ಇದರಲ್ಲಿ ಕೂರುವುದಿಲ್ಲ. ಇದೇ ಕೆಲಸದಲ್ಲಿರುವ ನಿಮಗೆ ಇಷ್ಟು ಗೊತ್ತಿರಬೇಕು, ಅಲ್ವಾ? ಗ್ರಾಹಕರನ್ನು ಕೇಳದೆ ಏನನ್ನೂ ಅಳಿಸುವುದಿಲ್ಲ ಎಂದು ನಿಮ್ಮ ರಸೀದಿಯ ಹಿಂದೆಯೇ ಅಚ್ಚಾಗಿದೆ. ನನ್ನನ್ನು ಯಾರೂ ಕೇಳಲಿಲ್ಲ. ಬಿಲ್ ಮಾತ್ರ ಪೂರ್ತಿ ತಗೊಂಡಿರಿ.

ಅರ್ಜಿ ಹಾಕಿಸಲು ಬಂದವರನ್ನು ದಿನಾ ವಾಪಸ್ ಕಳಿಸುತ್ತಿದ್ದೇನೆ. ಅವರಲ್ಲಿ ಕೂಲಿ ಬಿಟ್ಟು ಬಂದವರಿದ್ದಾರೆ.

ನನ್ನ ಹಣ ವಾಪಸ್ ಕೊಡಿ. ಫೈರ್‌ಫಾಕ್ಸ್ 115 ಇ.ಎಸ್.ಆರ್. ಎಂಬ ಬ್ರೌಸರ್ ವಿಂಡೋಸ್ 7ರಲ್ಲಿ ನಡೆಯುತ್ತದೆ, ಅದನ್ನು ನಿಮ್ಮ ಖರ್ಚಿನಲ್ಲಿ ಹಾಕಿಕೊಡಿ. ಆ ಹುಡುಗ ಅದೇ ಕೌಂಟರ್‌ನಲ್ಲಿ ನಿಂತು ಕ್ಷಮೆ ಕೇಳಬೇಕು.

ಒಂದು ವಾರ ಕಾಯುತ್ತೇನೆ. ಆಮೇಲೆ ರಾಷ್ಟ್ರೀಯ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ, ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ. 5 ಲಕ್ಷ ರೂಪಾಯಿವರೆಗಿನ ದೂರಿಗೆ ಅಲ್ಲಿ ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ರಸೀದಿ, ಸತ್ತ ಸೆಲ್, ನಿಮ್ಮ ರೇಟ್ ಪಟ್ಟಿ ಮೂರೂ ನನ್ನ ಹತ್ತಿರ ಇವೆ.

ಇಂತಿ,
ನಿಮ್ಮ ಗ್ರಾಹಕಿ